ಸ್ವಿಚ್ ಮುಟ್ಟುವ ಮೊದಲೇ ಒಂದು ಪೌಂಡ್

ರಾತ್ರಿ ಹನ್ನೆರಡು ದಾಟಿ ಒಂದು ನಿಮಿಷ ಆಗಿತ್ತು. ನೀರು ಕುಡಿಯಲು ಅಡುಗೆಮನೆಗೆ ಬಂದಿದ್ದೆ. ದೀಪ ಹಾಕಿರಲಿಲ್ಲ. ಕಿಟಕಿ ಪಕ್ಕ ಸ್ಮಾರ್ಟ್ ಮೀಟರಿನ ಪುಟ್ಟ ಪರದೆ ಮಿಣುಗುತ್ತಿತ್ತು. ಹನ್ನೆರಡಾದ ಕೂಡಲೇ ಅದು ಹಿಂದಿನ ದಿನದ ಲೆಕ್ಕ ಅಳಿಸಿ ಹೊಸ ದಿನದ್ದು ಶುರು ಮಾಡುತ್ತದೆ. ಹೊಸ ದಿನ ಅಂದರೆ ಸೊನ್ನೆ ಇರಬೇಕು ಅಲ್ವಾ? ಇರಲಿಲ್ಲ. ಒಂದು ಪೌಂಡಿಗೆ ಒಂದೆರಡು ಪೆನ್ಸ್ ಕಡಿಮೆ ತೋರಿಸುತ್ತಿತ್ತು. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಫ್ರಿಜ್ ಬಿಟ್ಟರೆ ಬೇರೇನೂ ಓಡುತ್ತಿರಲಿಲ್ಲ.

ಪರದೆ ಕೆಟ್ಟಿದೆ ಅಂದುಕೊಂಡೆ. ಮಾರನೇ ರಾತ್ರಿ ಬೇಕಂತಲೇ ಎದ್ದು ಕುಳಿತು ನೋಡಿದೆ. ಮತ್ತೆ ಅದೇ. ಆಮೇಲೆ ಬಿಲ್ಲು ತೆಗೆದು ನೋಡಿದಾಗ ಗೊತ್ತಾಯಿತು. ಅದು ಸ್ಟ್ಯಾಂಡಿಂಗ್ ಚಾರ್ಜ್. ಕರೆಂಟಿಗೆ ದಿನಕ್ಕಿಷ್ಟು, ಗ್ಯಾಸಿಗೆ ದಿನಕ್ಕಿಷ್ಟು. ಬಳಸಿದರೂ ಸರಿ, ಬಳಸದಿದ್ದರೂ ಸರಿ. ಊರಿಗೆ ಹೋಗಿ ಒಂದೂವರೆ ತಿಂಗಳು ಮನೆಗೆ ಬೀಗ ಹಾಕಿದ್ದರೂ ಅದು ಏರುತ್ತಲೇ ಇರುತ್ತದೆ.

ಬ್ರಿಟನ್ನಿಗೆ ಬಂದು ಎಷ್ಟೋ ವರ್ಷ ಆದರೂ ನಾನು ಬಿಲ್ಲಿನ ಆ ಸಾಲನ್ನು ಓದಿರಲಿಲ್ಲ. ಕೊನೆಯ ಮೊತ್ತ ನೋಡುವುದು, ಬ್ಯಾಂಕಿನಿಂದ ತಾನಾಗಿ ಹೋಗುತ್ತದಲ್ಲ ಅಂತ ಸುಮ್ಮನಾಗುವುದು, ಇಷ್ಟೇ. ಆ ರಾತ್ರಿಯಿಂದ ಓದತೊಡಗಿದೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಮೂರಕ್ಕೂ ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ ಇದೆ. 2019ರ ಜನವರಿಯಿಂದ ಮನೆಬಳಕೆಯ ದರಕ್ಕೆ ಅದು ಒಂದು ಮಿತಿ ಹಾಕುತ್ತಿದೆ. ಯೂನಿಟ್ ದರಕ್ಕೂ ಮಿತಿ, ಸ್ಟ್ಯಾಂಡಿಂಗ್ ಚಾರ್ಜಿಗೂ ಮಿತಿ. 2021ರ ಕೊನೆಯಲ್ಲಿ ಕರೆಂಟಿನ ಸ್ಟ್ಯಾಂಡಿಂಗ್ ಚಾರ್ಜ್ ಸರಾಸರಿ ದಿನಕ್ಕೆ 25 ಪೆನ್ಸ್ ಇತ್ತು. 2022ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 45 ಪೆನ್ಸ್ ಆಯಿತು. 2024ರ ಏಪ್ರಿಲ್‌ಗೆ 60. ಗ್ಯಾಸಿನದು ಆಗ ಸುಮಾರು 31 ಪೆನ್ಸ್. ಎರಡೂ ಸೇರಿಸಿ ವರ್ಷಕ್ಕೆ ಗುಣಿಸಿದರೆ 330 ಪೌಂಡಿನ ಮೇಲೆ. ಒಂದು ದೀಪವನ್ನೂ ಹಚ್ಚದೆ, ಒಂದು ಲೋಟ ನೀರನ್ನೂ ಕಾಯಿಸದೆ.

ಇದು ಸರಾಸರಿ. ಊರಿಂದ ಊರಿಗೆ ಬೇರೆ. ದೇಶವನ್ನು 14 ವಲಯ ಮಾಡಿದ್ದಾರೆ, ಒಂದೊಂದು ವಲಯದ ಕರೆಂಟ್ ಜಾಲಕ್ಕೆ ಒಂದೊಂದು ಲೆಕ್ಕ. ನಾವಿರುವುದು ಉತ್ತರ ವೇಲ್ಸ್ ಮತ್ತು ಮರ್ಸಿಸೈಡ್ ಸೇರಿದ ವಲಯ. ಕರೆಂಟಿನ ಸ್ಟ್ಯಾಂಡಿಂಗ್ ಚಾರ್ಜ್ ಅತಿ ಹೆಚ್ಚಿರುವ ಜಾಗಗಳಲ್ಲಿ ಇದೂ ಒಂದು. ಲಂಡನ್ನಿನಲ್ಲಿ ಅತಿ ಕಡಿಮೆ. 2024ರಲ್ಲಿ ಇವೆರಡರ ನಡುವೆ ದಿನಕ್ಕೆ 20 ಪೆನ್ಸಿಗೂ ಹೆಚ್ಚು ವ್ಯತ್ಯಾಸ ಇತ್ತು. ಲಂಡನ್ನಿನಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ, ಒಂದು ಮೈಲಿ ತಂತಿಯ ಖರ್ಚು ಸಾವಿರಾರು ಮನೆಗೆ ಹಂಚಿ ಹೋಗುತ್ತದೆ. ಇಲ್ಲಿ ಗುಡ್ಡದ ಆಚೆ ನಾಲ್ಕು ಮನೆಗೂ ಕಂಬ ನಡೆಯಬೇಕು. ಕಾರಣ ಅರ್ಥವಾಗುತ್ತದೆ. ಆದರೆ ಲಂಡನ್ನಿನಲ್ಲಿ ಸಂಬಳ ಜಾಸ್ತಿ, ಇಲ್ಲಿ ಕಡಿಮೆ. ಕಡಿಮೆ ಇರುವವರು ಜಾಸ್ತಿ ಕೊಡುತ್ತಿದ್ದಾರೆ.

ಇಷ್ಟೇ ಆಗಿದ್ದರೆ ನಾನು ಗೊಣಗಿ ಸುಮ್ಮನಾಗುತ್ತಿದ್ದೆನೇನೋ. ಸುಮ್ಮನಿರಲು ಆಗದಂತೆ ಮಾಡಿದ್ದು ಪಕ್ಕದ ಮನೆಯ ಅಜ್ಜಿ.

ಅಜ್ಜಿ ಒಬ್ಬರೇ ಇರುತ್ತಾರೆ. ಎಂಬತ್ತರ ಹತ್ತಿರದ ವಯಸ್ಸು. ಅವರ ಮನೆಯಲ್ಲಿ ಹಳೇ ಪ್ರಿಪೇಮೆಂಟ್ ಮೀಟರ್. ಕರೆಂಟಿಗೆ ಪ್ಲಾಸ್ಟಿಕ್ಕಿನ ಒಂದು ಕೀ, ಗ್ಯಾಸಿಗೆ ಒಂದು ಕಾರ್ಡ್. ಅಂಗಡಿಗೆ ಹೋಗಿ ಅದಕ್ಕೆ ದುಡ್ಡು ತುಂಬಿಸಿಕೊಂಡು ಬಂದು ಮೀಟರಿಗೆ ಸಿಕ್ಕಿಸಬೇಕು. ದುಡ್ಡು ಮುಗಿದರೆ ಸರಬರಾಜು ನಿಲ್ಲುತ್ತದೆ. ಮಂಡಿ ನೋವು ಜಾಸ್ತಿ ಆದಾಗಿನಿಂದ ಕೀ, ಕಾರ್ಡ್ ಎರಡನ್ನೂ ನನ್ನ ಕೈಗೇ ಕೊಡುತ್ತಾರೆ. ಜೊತೆಗೆ ಮಡಚಿದ ನೋಟು. ಎಷ್ಟು ಹಾಕಿಸಬೇಕು ಅಂತ ಚೀಟಿಯಲ್ಲಿ ಬರೆದಿರುತ್ತಾರೆ.

2024ರ ಅಕ್ಟೋಬರ್. ಚಳಿ ಶುರುವಾಗಿತ್ತು. ಗ್ಯಾಸ್ ಕಾರ್ಡು ಮತ್ತು 20 ಪೌಂಡಿನ ಒಂದು ನೋಟು ಕೊಟ್ಟು, "ಇವತ್ತು ಹೀಟಿಂಗ್ ಹಾಕ್ತೀನಿ ಲವ್, ಕಾಲು ಮರಗಟ್ಟುತ್ತಿದೆ" ಅಂದರು. ಇಲ್ಲಿ ಅಕ್ಕಪಕ್ಕದವರನ್ನೆಲ್ಲ ಹಾಗೇ ಕರೆಯುತ್ತಾರೆ. ಅಂಗಡಿಗೆ ಹೋಗಿ ಹಾಕಿಸಿಕೊಂಡು ಬಂದೆ. ಮೀಟರ್ ಇರುವುದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ಮಂಡಿಯೂರಿ ಕುಳಿತು, ಮೊಬೈಲಿನ ಬೆಳಕು ಹಿಡಿದು ಕಾರ್ಡ್ ಸಿಕ್ಕಿಸಿದೆ. ಪರದೆ ಎರಡು ಸಲ ಮಿನುಗಿತು. 20 ಪೌಂಡ್ ಬಂತು ಅಂತ ತೋರಿಸಿತು. ಆಮೇಲೆ ಅಂಕಿ ಬದಲಾಯಿತು. ಇನ್ನೂ ಸಾಲ ಇದೆ ಅಂತ ತೋರಿಸಿತು. ಗ್ಯಾಸ್ ಬರಲಿಲ್ಲ.

ನನಗೆ ತಲೆಬುಡ ಅರ್ಥವಾಗಲಿಲ್ಲ. ಅಜ್ಜಿ ಬೇಸಿಗೆಯಲ್ಲಿ ಒಂದು ದಿನವೂ ಗ್ಯಾಸ್ ಹಚ್ಚಿದವರಲ್ಲ. ಜೂನ್ ಮಧ್ಯದಲ್ಲಿ ಕಾರ್ಡಿನ ದುಡ್ಡು ಮುಗಿದಿತ್ತು. ಉಳಿಸೋಣ ಅಂತ ಹಾಗೇ ಬಿಟ್ಟಿದ್ದರು. ಸ್ನಾನಕ್ಕೆ ಕರೆಂಟಿನ ಶವರ್, ಚಹಾಕ್ಕೆ ಕೆಟಲ್, ಊಟಕ್ಕೆ ಮೈಕ್ರೋವೇವ್. ನಾಲ್ಕು ತಿಂಗಳು ಗ್ಯಾಸ್ ಮೀಟರಿನ ಮುಳ್ಳು ಕದಲಿಲ್ಲ. ಆದರೆ ದಿನಕ್ಕೆ 31 ಪೆನ್ಸ್ ಸದ್ದಿಲ್ಲದೆ ಗುಡ್ಡೆಯಾಗಿತ್ತು. 120 ದಿನಕ್ಕೆ 37 ಪೌಂಡ್. ಕಾರ್ಡ್ ಸಿಕ್ಕಿಸಿದ ಕೂಡಲೇ ಮೀಟರ್ ಮೊದಲು ಆ ಬಾಕಿಯನ್ನು ಎಳೆದುಕೊಂಡಿತು. ಅಜ್ಜಿಯ 20 ಪೌಂಡ್ ಬಾಕಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಯಿತು, ಅಷ್ಟೇ.

ಗೂಡಿನಿಂದ ಹೊರಗೆ ಬಂದು ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಬಳಸಲೇ ಇಲ್ಲವಲ್ಲ" ಅಂದರು. ಕೋಪ ಇರಲಿಲ್ಲ ಆ ಮಾತಿನಲ್ಲಿ. ತಾವೇ ಎಲ್ಲೋ ತಪ್ಪು ಮಾಡಿದ್ದೇವೆ ಅನ್ನುವ ದನಿ ಇತ್ತು. ಅದೇ ನನಗೆ ತಡೆಯಲಾಗಲಿಲ್ಲ. ಅವರು ಮಾಡಿದ್ದು ಉಳಿತಾಯ. ನಾವೆಲ್ಲ ಮಾಡಬೇಕು ಅಂತ ಹೇಳಿಸಿಕೊಳ್ಳುವ ಕೆಲಸ. ಅದಕ್ಕೇ ಅವರಿಗೆ ಸಾಲ ಹುಟ್ಟಿತು.

ಕರೆಂಟ್ ಜಾಲದಲ್ಲಿ ಇಂಜಿನಿಯರ್ ಆಗಿರುವ ಗೆಳೆಯನೊಬ್ಬನಿದ್ದಾನೆ. ಅವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ನನ್ನ ಸಿಟ್ಟು ಇಳಿಯುವವರೆಗೆ ಕೇಳಿಸಿಕೊಂಡ. ಆಮೇಲೆ, "ನೋಡು ಮಾರಾಯ, ಆ ಅಜ್ಜಿಯದು ಬೇಜಾರಿನ ವಿಷಯವೇ. ಆದರೆ ತಂತಿಗೆ ಅವರು ಬಳಸಿದರಾ ಇಲ್ಲವಾ ಗೊತ್ತಾಗಲ್ಲ. ಅವರು ಒಂದು ಯೂನಿಟ್ ಬಳಸಲಿ, ಸಾವಿರ ಬಳಸಲಿ, ಬಿರುಗಾಳಿಗೆ ಕಂಬ ಬಿದ್ದರೆ ನಾವು ರಾತ್ರಿ ಎರಡು ಗಂಟೆಗೂ ಹೋಗಬೇಕು. ಅದರ ಖರ್ಚು ಯಾರು ಕೊಡೋದು?" ಅಂದ.

ಅವನ ಮಾತು ಸುಳ್ಳಲ್ಲ. ನ್ಯಾಯದ ಮಾತಾಡಲು ಹೊರಟವರು ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಕರೆಂಟ್ ಅನ್ನುವುದು ಅಂಗಡಿಯಲ್ಲಿ ತೂಗಿ ಕೊಡುವ ಸಾಮಾನಿನಂಥದ್ದಲ್ಲ. ಯಾವ ಹೊತ್ತಿಗೆ ಸ್ವಿಚ್ ಒತ್ತಿದರೂ ಆ ಕ್ಷಣಕ್ಕೆ ಬರಬೇಕು. ಬರಬೇಕಾದರೆ ತಂತಿ, ಟ್ರಾನ್ಸ್‌ಫಾರ್ಮರ್, ಕೆಲಸದವರು ಎಲ್ಲ ಮೊದಲೇ ತಯಾರಿರಬೇಕು. ಹಾಗೆ ತಯಾರಾಗಿ ನಿಂತಿರುವುದಕ್ಕೂ ಖರ್ಚಿದೆ. ಇದನ್ನು ಮೊದಲು ಬಿಡಿಸಿ ಹೇಳಿದವರು ಜಾನ್ ಹಾಪ್ಕಿನ್ಸನ್ ಎಂಬ ಇಂಗ್ಲಿಷ್ ಇಂಜಿನಿಯರ್, 1892ರಲ್ಲಿ. ಬಿಲ್ಲಿನಲ್ಲಿ ಎರಡು ಭಾಗ ಇರಬೇಕು ಅಂದರು ಅವರು. ಒಂದು, ತಯಾರಾಗಿ ನಿಂತಿದ್ದಕ್ಕೆ. ಇನ್ನೊಂದು, ಬಳಸಿದ್ದಕ್ಕೆ. ಅವರ ಸಮಯದಲ್ಲಿ ಕರೆಂಟ್ ಅಂದರೆ ಹೆಚ್ಚಾಗಿ ದೀಪ. ಸಂಜೆ ಎಲ್ಲರೂ ಒಟ್ಟಿಗೆ ಹಚ್ಚುತ್ತಿದ್ದರು. ಆ ಎರಡು ಮೂರು ಗಂಟೆಗಾಗಿ ಇಡೀ ದಿನ ಯಂತ್ರ ಇಟ್ಟುಕೊಂಡಿರಬೇಕಿತ್ತು.

ಆದರೆ ಹಾಪ್ಕಿನ್ಸನ್ ಅವರ ಮಾತಿನಲ್ಲಿ ಇನ್ನೊಂದು ತಿರುಳಿದೆ. ಅದನ್ನು ಇವತ್ತು ಇಲ್ಲಿ ಎಲ್ಲರೂ ಬಿಟ್ಟುಬಿಟ್ಟಿದ್ದಾರೆ. ತಯಾರಿಯ ಖರ್ಚನ್ನು ಅವರು ಮನೆಗೆ ಇಷ್ಟು ಅಂತ ಸಮನಾಗಿ ಹಂಚಿ ಅನ್ನಲಿಲ್ಲ. ಯಾರು ಒಂದೇ ಹೊತ್ತಿಗೆ ಎಷ್ಟು ಎಳೆಯಬಲ್ಲರೋ ಅದಕ್ಕೆ ತಕ್ಕಂತೆ ಅಂದರು. ಹತ್ತು ದೀಪ ಇರುವ ಮನೆಗಾಗಿ ಮಾಡುವ ತಯಾರಿ ಬೇರೆ, ಇನ್ನೂರು ದೀಪ ಇರುವ ಮನೆಗಾಗಿ ಮಾಡುವ ತಯಾರಿ ಬೇರೆ. ಬ್ರೈಟನ್ ಊರಿನಲ್ಲಿ ಆರ್ಥರ್ ರೈಟ್ ಎಂಬ ಇಂಜಿನಿಯರ್ ಇದಕ್ಕೆಂದೇ ಒಂದು ಮೀಟರ್ ಮಾಡಿದರು. ಒಬ್ಬೊಬ್ಬ ಗ್ರಾಹಕ ಹೆಚ್ಚೆಂದರೆ ಎಷ್ಟು ಎಳೆದ ಅನ್ನುವುದನ್ನು ಅದು ಹಿಡಿದಿಟ್ಟುಕೊಳ್ಳುತ್ತಿತ್ತು. ಇದು ನಡೆದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಇವತ್ತು ನನ್ನ ಅಡುಗೆಮನೆಯ ಸ್ಮಾರ್ಟ್ ಮೀಟರ್ ಪ್ರತಿ ಅರ್ಧ ಗಂಟೆಯ ಬಳಕೆಯನ್ನೂ ಬರೆದಿಡುತ್ತದೆ. ಆದರೂ ತಯಾರಿಯ ಖರ್ಚನ್ನು ಹಂಚುವಾಗ ಯಾರೂ ಅದನ್ನು ನೋಡುವುದಿಲ್ಲ. ಅಜ್ಜಿಯ ಮನೆಗೂ, ಎರಡು ಕಾರು ಚಾರ್ಜಿಗೆ ಹಾಕಿ ಈಜುಕೊಳದ ನೀರನ್ನೂ ಬಿಸಿ ಮಾಡುವ ಮನೆಗೂ, ಒಂದೇ ವಲಯದಲ್ಲಿದ್ದರೆ ಜಾಲದ ಈ ಪಾಲು ಒಂದೇ.

ಗೆಳೆಯನಿಗೆ ಇದನ್ನು ಹೇಳಿದಾಗ ಅವನು, "ಅದು ಹೌದು" ಅಂದ. ಸ್ವಲ್ಪ ತಡೆದು, "ಆ ಸಾಲಿನಲ್ಲಿ ತಂತಿ ಮಾತ್ರ ಇಲ್ಲ, ಅದನ್ನೂ ನೋಡು" ಅಂದ.

ನೋಡಿದೆ.

2021ರಲ್ಲಿ ಗ್ಯಾಸಿನ ಸಗಟು ಬೆಲೆ ಗಗನಕ್ಕೇರಿತು. ಬ್ರಿಟನ್ನಿನಲ್ಲಿ ಆಗ ಚಿಕ್ಕಪುಟ್ಟ ಸರಬರಾಜು ಕಂಪನಿಗಳು ಬೇಕಾದಷ್ಟಿದ್ದವು. ತಂತಿ, ಪೈಪು ಯಾವುದೂ ಅವರದಲ್ಲ. ಸಗಟಿನಲ್ಲಿ ಕೊಂಡು ಮನೆಗಳಿಗೆ ಮಾರುವುದು, ಬಿಲ್ಲು ಕಳಿಸುವುದು ಅವರ ಕೆಲಸ. ಮುಂದಿನ ತಿಂಗಳುಗಳಿಗೆ ಬೇಕಾದ್ದನ್ನು ಮೊದಲೇ ಕೊಂಡಿಟ್ಟುಕೊಳ್ಳದವರು, ಕೈಯಲ್ಲಿ ಬಂಡವಾಳ ಇಲ್ಲದವರು ಸಾಲಾಗಿ ಬಾಗಿಲು ಹಾಕಿದರು. ಸುಮಾರು 30 ಕಂಪನಿಗಳು. ಅವರ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ವರ್ಗಾಯಿಸಿದರು. ಅದು ಸರಿ, ಯಾರ ಮನೆಯೂ ಕತ್ತಲಾಗಲಿಲ್ಲ. ಆದರೆ ವರ್ಗಾವಣೆಯ ಖರ್ಚು, ಆ ಗ್ರಾಹಕರು ಮುಂಗಡ ಕೊಟ್ಟಿದ್ದ ದುಡ್ಡು, ದುಬಾರಿ ಬೆಲೆಗೆ ಕೊಳ್ಳಬೇಕಾದ ಗ್ಯಾಸು ಇವೆಲ್ಲ ಯಾರ ಮೇಲೆ ಬೀಳಬೇಕು? ಅದನ್ನು ಎಲ್ಲರ ಬಿಲ್ಲಿಗೂ ಹಾಕಿದರು. ಬ್ರಿಟನ್ನಿನ ಲೆಕ್ಕ ಪರಿಶೋಧನಾ ಕಚೇರಿ 2022ರಲ್ಲಿ ಕೊಟ್ಟ ಅಂದಾಜು 2.7 ಶತಕೋಟಿ ಪೌಂಡ್. ಮನೆಗೆ ಸುಮಾರು 94 ಪೌಂಡ್. ಅದರ ದೊಡ್ಡ ಪಾಲು ಹಾಕಿದ್ದು ಎಲ್ಲಿಗೆ? ಕರೆಂಟಿನ ಸ್ಟ್ಯಾಂಡಿಂಗ್ ಚಾರ್ಜಿಗೆ. 25 ಪೆನ್ಸ್ ಒಂದೇ ಏಟಿಗೆ 45 ಆಗಿದ್ದಕ್ಕೆ ಇದು ದೊಡ್ಡ ಕಾರಣ.

ಅಜ್ಜಿ ಆ ಕಂಪನಿಗಳ ಹೆಸರನ್ನೂ ಕೇಳಿದವರಲ್ಲ. ಅವರ ಮನೆಗೆ ತಂತಿ ಬಂದಿರುವುದಕ್ಕೂ, ಯಾವುದೋ ಕಂಪನಿ ಜೂಜಾಡಿ ಸೋತಿದ್ದಕ್ಕೂ ಏನು ಸಂಬಂಧ? ಅದು ತಯಾರಾಗಿ ನಿಲ್ಲುವ ಖರ್ಚಲ್ಲ. ಕಂಬದ ಖರ್ಚೂ ಅಲ್ಲ.

ಇನ್ನೊಂದು, ವಾರ್ಮ್ ಹೋಮ್ ಡಿಸ್ಕೌಂಟ್. ಬಡವರ ಮನೆಗೆ ಚಳಿಗಾಲದಲ್ಲಿ 150 ಪೌಂಡ್ ರಿಯಾಯಿತಿ ಕೊಡುವ ಸರ್ಕಾರದ ಯೋಜನೆ. ಒಳ್ಳೆಯ ಯೋಜನೆ, ಮುಂದುವರಿಯಲಿ ಅಂತಲೇ ನನ್ನ ಆಸೆ. 2024ರಲ್ಲಿ ಅದರ ಖರ್ಚು ಕೂಡ ಸ್ಟ್ಯಾಂಡಿಂಗ್ ಚಾರ್ಜಿನಲ್ಲೇ ಸೇರಿತ್ತು. ಅಂದರೆ ರಿಯಾಯಿತಿಗೆ ಅರ್ಹರಾಗದೆ ಸ್ವಲ್ಪದರಲ್ಲಿ ತಪ್ಪಿಹೋದ ಬಡವರೂ, ಅರಮನೆಯಂಥ ಮನೆಯವರೂ ಅದಕ್ಕೆ ಒಂದೇ ಮೊತ್ತ ಕೊಡುತ್ತಿದ್ದರು. ಇದನ್ನು ತೆರಿಗೆಯಿಂದ ಕೊಟ್ಟಿದ್ದರೆ ಗಳಿಕೆಗೆ ತಕ್ಕಂತೆ ಹಂಚಿಹೋಗುತ್ತಿತ್ತು.

ಮೂರನೆಯದು ಜಾಲದ ಹಳೇ ಖರ್ಚಿನ ಉಳಿಕೆ, ಅಂದರೆ ಯಾರು ಎಷ್ಟೇ ಬಳಸಿದರೂ ಹೇಗಾದರೂ ವಸೂಲಾಗಲೇಬೇಕಾದ ಪಾಲು. 2019ರ ಕೊನೆಯಲ್ಲಿ ಆಫ್‌ಜೆಮ್ ಒಂದು ತೀರ್ಮಾನ ಮಾಡಿತು. ಅಲ್ಲಿಯವರೆಗೆ ಮನೆಗಳ ಮಟ್ಟಿಗೆ ಈ ಉಳಿಕೆಯ ಬಹುಪಾಲು ಯೂನಿಟ್ ಲೆಕ್ಕದಲ್ಲಿ ವಸೂಲಾಗುತ್ತಿತ್ತು. ಛಾವಣಿಗೆ ಸೋಲಾರ್ ಹಾಕಿಸಿದವರು ಜಾಲದಿಂದ ಕಡಿಮೆ ಯೂನಿಟ್ ಎಳೆಯುತ್ತಾರೆ, ಹಾಗಾಗಿ ಜಾಲದ ಖರ್ಚಿನಲ್ಲೂ ಕಡಿಮೆ ಕೊಡುತ್ತಾರೆ. ಆದರೆ ಮೋಡ ಕವಿದ ದಿನ ಅವರಿಗೂ ಜಾಲ ಬೇಕು. ಅವರು ಕೊಡದೆ ಉಳಿದದ್ದು ಸೋಲಾರ್ ಹಾಕಿಸಲು ಶಕ್ತಿ ಇಲ್ಲದವರ ಮೇಲೆ ಬೀಳುತ್ತದೆ. ಇದನ್ನು ತಪ್ಪಿಸಲು ಈ ಭಾಗವನ್ನು 2022ರ ಏಪ್ರಿಲ್‌ನಿಂದ ಹಂತಹಂತವಾಗಿ ದಿನದ ಲೆಕ್ಕಕ್ಕೆ ತಂದರು. ಉದ್ದೇಶದಲ್ಲಿ ತಪ್ಪು ಹುಡುಕಲು ನನಗೆ ಆಗಲ್ಲ. ಆದರೆ ಬಲೆ ಬೀಸಿದ್ದು ಸೋಲಾರ್ ಮನೆಗೆ, ಸಿಕ್ಕಿಬಿದ್ದವರಲ್ಲಿ ಅಜ್ಜಿಯೂ ಇದ್ದಾರೆ. ಇಬ್ಬರೂ ಜಾಲದಿಂದ ಕಡಿಮೆ ಎಳೆಯುತ್ತಾರೆ. ಒಬ್ಬರು ಛಾವಣಿ ಇದೆ ಅಂತ, ಇನ್ನೊಬ್ಬರು ದುಡ್ಡಿಲ್ಲ ಅಂತ. ಮೀಟರ್ ನೋಡುವವರಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಒಂದು ಚಿಕ್ಕ ಲೆಕ್ಕ ಹಾಕಿದೆ, 2024ರ ಏಪ್ರಿಲ್ ದರದಲ್ಲಿ. ಆಗ ಯೂನಿಟಿಗೆ 24.5 ಪೆನ್ಸ್. ವರ್ಷಕ್ಕೆ 1,200 ಯೂನಿಟ್ ಬಳಸುವ ಮನೆ ಕರೆಂಟಿಗಾಗಿ 294 ಪೌಂಡ್ ಕೊಡುತ್ತದೆ. ಸ್ಟ್ಯಾಂಡಿಂಗ್ ಚಾರ್ಜ್ 219. ಒಟ್ಟು ಬಿಲ್ಲಿನಲ್ಲಿ ನೂರಕ್ಕೆ 43ರಷ್ಟು ಬಳಸದೇ ಕೊಡುವ ದುಡ್ಡು. 8,000 ಯೂನಿಟ್ ಬಳಸುವ ಮನೆಗೆ ಅದೇ 219 ಪೌಂಡ್ ನೂರಕ್ಕೆ ಹತ್ತು ಮಾತ್ರ. ಹಾಗಾಗಿ ಕಡಿಮೆ ಬಳಸುವವರು ಕೊಡುವ ಒಂದೊಂದು ಯೂನಿಟಿನ ನಿಜವಾದ ಬೆಲೆ ದೊಡ್ಡ ಮನೆಯವರಿಗಿಂತ ಎಷ್ಟೋ ಹೆಚ್ಚು. ಅವರು ಇನ್ನೂ ಉಳಿಸಲು ಹೋದರೆ ಕೈಗೆ ಸಿಗುವುದು ಅಷ್ಟಕ್ಕಷ್ಟೇ. ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ಒಂದೇ ಕೋಣೆಯಲ್ಲಿ ಕುಳಿತು ಉಳಿಸಿದವರಿಗೆ ಬಿಲ್ಲಿನ ಅರ್ಧದ ಹತ್ತಿರದಷ್ಟು ಭಾಗ ಕದಲುವುದೇ ಇಲ್ಲ.

ಇಲ್ಲಿನ ಜನ ಇದನ್ನು ಪೋಲ್ ಟ್ಯಾಕ್ಸ್ ಅನ್ನುತ್ತಾರೆ. ಆ ಹೆಸರಿಗೆ ಈ ದೇಶದಲ್ಲಿ ತೂಕ ಇದೆ. 1989ರಲ್ಲಿ ಸ್ಕಾಟ್ಲೆಂಡಿನಲ್ಲಿ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸ್ಥಳೀಯ ಆಡಳಿತದ ಖರ್ಚಿಗೆ ತಲೆಗೆ ಇಷ್ಟು ಅಂತ ತೆರಿಗೆ ಹಾಕಿದರು. ಒಂದೇ ಊರಿನ ಶ್ರೀಮಂತನಿಗೂ ಕೂಲಿಯವನಿಗೂ ಒಂದೇ ಮೊತ್ತ. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಗಲಭೆಯೇ ಆಯಿತು. ಅದೇ ವರ್ಷದ ನವೆಂಬರಿನಲ್ಲಿ ಮಾರ್ಗರೆಟ್ ಥ್ಯಾಚರ್ ಅಧಿಕಾರ ಬಿಡಬೇಕಾಗಿ ಬಂದದ್ದಕ್ಕೆ ಇದೂ ಒಂದು ಕಾರಣ. 1993ರಲ್ಲಿ ಅದನ್ನು ತೆಗೆದು ಕೌನ್ಸಿಲ್ ಟ್ಯಾಕ್ಸ್ ತಂದರು. ಅದರಲ್ಲಿ ಮನೆಯ ಬೆಲೆ ನೋಡಿ ಮೆಟ್ಟಿಲು ಮಾಡಿದ್ದಾರೆ. ಇಂಗ್ಲೆಂಡಿನಲ್ಲಿ ಅತಿ ಮೇಲಿನ ಮೆಟ್ಟಿಲಿನ ಮನೆ ಅತಿ ಕೆಳಗಿನದ್ದರ ಮೂರು ಪಟ್ಟು ಕೊಡಬೇಕು. ಮೂರು ಪಟ್ಟು ಸಾಲದು ಅಂತ ಜಗಳ ಇದೆ, ಆ ಮಾತು ಬೇರೆ. ಕಸ ಎತ್ತುವ, ಬೀದಿದೀಪ ಹಚ್ಚುವ ಖರ್ಚಿಗೇ ಮೆಟ್ಟಿಲಿದೆ. ಮನೆ ಬೆಚ್ಚಗಿಡುವ ಖರ್ಚಿಗೆ ಮೆಟ್ಟಿಲೇ ಇಲ್ಲ. ಒಮ್ಮೆ ಬೀದಿಗಿಳಿದು ಬೇಡ ಅಂದ ಪದ್ಧತಿಯೇ ಇನ್ನೊಂದು ಬಿಲ್ಲಿನ ಮೂಲೆಯಲ್ಲಿ ಬಂದು ಕುಳಿತಿದೆ.

ಹಾಗಾದರೆ ಪೂರ್ತಿ ತೆಗೆದುಬಿಡಿ ಅನ್ನೋಣವೇ? ಕೆಲವು ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಜೊತೆಯಲ್ಲಿ ಕೆಲಸ ಮಾಡುವ ಒಬ್ಬರ ಹತ್ತಿರ ಊಟದ ಹೊತ್ತಿನಲ್ಲಿ ಈ ಮಾತು ತೆಗೆದೆ. ಅವರ ಮಗನಿಗೆ ಉಸಿರಾಟದ ಯಂತ್ರ ಬೇಕು, ಹಗಲೂ ರಾತ್ರಿ. ಬಾಡಿಗೆ ಮನೆ, ಗ್ಯಾಸ್ ಇಲ್ಲ, ಕರೆಂಟಿನದ್ದೇ ಹೀಟರ್. ಗೋಡೆಯಲ್ಲಿ ಗಾಳಿ ನುಗ್ಗುತ್ತದೆ. ವರ್ಷಕ್ಕೆ 7,000 ಯೂನಿಟ್ ಆಗುತ್ತದೆ ಅಂದರು. ಅಲ್ಲೇ ಟಿಶ್ಯೂ ಪೇಪರಿನ ಮೇಲೆ ಲೆಕ್ಕ ಹಾಕಿದೆವು. ಸಾಮಾನ್ಯ ಮನೆಗೆ ವರ್ಷಕ್ಕೆ 2,700 ಯೂನಿಟ್ ಅಂತ 2024ರಲ್ಲಿ ಆಫ್‌ಜೆಮ್ ಹಿಡಿಯುತ್ತಿತ್ತು. 219 ಪೌಂಡನ್ನು ಅಷ್ಟು ಯೂನಿಟಿಗೆ ಹಂಚಿದರೆ ಯೂನಿಟಿಗೆ ಸುಮಾರು 8 ಪೆನ್ಸ್ ಏರುತ್ತದೆ. ಅಜ್ಜಿಯಂಥವರಿಗೆ ವರ್ಷಕ್ಕೆ 120 ಪೌಂಡ್ ಉಳಿಯುತ್ತದೆ. ಇವರಿಗೆ ಸುಮಾರು 350 ಪೌಂಡ್ ಹೆಚ್ಚಾಗುತ್ತದೆ. ಅವರು ಆ ಪೇಪರನ್ನು ನೋಡುತ್ತಾ ಕುಳಿತರು. ನಾನು ಪೆನ್ನು ಜೇಬಿಗೆ ಹಾಕಿಕೊಂಡೆ.

ಕಡಿಮೆ ಬಳಸುವವರೆಲ್ಲ ಬಡವರಲ್ಲ, ಹೆಚ್ಚು ಬಳಸುವವರೆಲ್ಲ ಶ್ರೀಮಂತರಲ್ಲ. ಸಮುದ್ರದ ದಂಡೆಯಲ್ಲಿ ರಜೆಗೆ ಅಂತ ಎರಡನೇ ಮನೆ ಇಟ್ಟುಕೊಂಡವರು ಹತ್ತು ತಿಂಗಳು ಬೀಗ ಹಾಕಿರುತ್ತಾರೆ. ಸ್ಟ್ಯಾಂಡಿಂಗ್ ಚಾರ್ಜ್ ಪೂರ್ತಿ ಹೋದರೆ ಅವರಿಗೆ ಜಾಲ ಹೆಚ್ಚುಕಡಿಮೆ ಪುಕ್ಕಟೆ. ಅವರ ತಂತಿಯ ಖರ್ಚನ್ನು ಉಸಿರಾಟದ ಯಂತ್ರದ ಮನೆ ಕೊಡಬೇಕಾಗುತ್ತದೆ. ಅದನ್ನು ನ್ಯಾಯ ಅನ್ನಲು ನನಗೆ ಬಾಯಿ ಬರಲ್ಲ. 2024ರ ಕೊನೆಯಲ್ಲಿ ಆಫ್‌ಜೆಮ್ ಸ್ಟ್ಯಾಂಡಿಂಗ್ ಚಾರ್ಜ್ ಇಲ್ಲದ ದರವನ್ನೂ ಒಂದು ಆಯ್ಕೆಯಾಗಿ ಕೊಡಿಸುವ ಪ್ರಸ್ತಾವ ಮುಂದಿಟ್ಟಾಗ ನನಗೆ ಪೂರ್ತಿ ಸಮಾಧಾನ ಆಗದಿದ್ದದ್ದು ಇದಕ್ಕೇ. ಖರ್ಚು ಮಾಯ ಆಗಲ್ಲ, ಯೂನಿಟಿನೊಳಗೆ ಹೋಗಿ ಕೂರುತ್ತದೆ. ಯಾವ ದರ ತಮಗೆ ಸರಿ ಅಂತ ಕುಳಿತು ಲೆಕ್ಕ ಹಾಕಿ ಆರಿಸಿಕೊಳ್ಳುವುದು ಯಾರು? ಚೀಟಿಯಲ್ಲಿ ಬರೆದುಕೊಡುವ ಅಜ್ಜಿಯಾ?

ಬೇರೆ ಕಡೆ ಏನು ಮಾಡುತ್ತಾರೆ ಅಂತಲೂ ನೋಡಿದೆ. ಫ್ರಾನ್ಸ್, ಇಟಲಿಯಲ್ಲಿ ನಿಮ್ಮ ಮನೆಗೆ ಎಷ್ಟು ಕಿಲೋವ್ಯಾಟಿನ ಸಂಪರ್ಕ ಬೇಕು ಅಂತ ನೀವೇ ಹೇಳಬೇಕು, ನಿಗದಿತ ಚಾರ್ಜ್ ಅದಕ್ಕೆ ತಕ್ಕಂತೆ. ಇಟಲಿಯ ಹೆಚ್ಚಿನ ಮನೆಗಳಲ್ಲಿ 3 ಕಿಲೋವ್ಯಾಟ್, ಅದನ್ನು ಮೀರಿ ಎಳೆದರೆ ಕರೆಂಟ್ ಕಟ್ಟಾಗುತ್ತದೆ. ಬೆಲ್ಜಿಯಮ್ಮಿನ ಫ್ಲಾಂಡರ್ಸ್‌ನಲ್ಲಿ 2023ರ ಜನವರಿಯಿಂದ ತಿಂಗಳಲ್ಲಿ ಯಾವ ಕಾಲು ಗಂಟೆಯಲ್ಲಿ ಅತಿ ಹೆಚ್ಚು ಎಳೆದಿರಿ ಅಂತ ನೋಡುತ್ತಾರೆ. ಹಾಪ್ಕಿನ್ಸನ್ ಹೇಳಿದ್ದು ಅಲ್ಲಿ ಬದುಕಿದೆ. ಕ್ಯಾಲಿಫೋರ್ನಿಯಾದ ದಾರಿ ಬೇರೆ. ಆದಾಯಕ್ಕೆ ತಕ್ಕ ನಿಗದಿತ ಚಾರ್ಜ್ ಇರಬೇಕು ಅಂತ 2022ರಲ್ಲಿ ಕಾನೂನು ಮಾಡಿದರು. ಎಷ್ಟೋ ವಾದ ವಿವಾದ ಆದಮೇಲೆ 2024ರ ಮೇ ತಿಂಗಳಲ್ಲಿ ತಿಂಗಳಿಗೆ 24.15 ಡಾಲರ್ ಅಂತ ನಿಂತಿತು. ಕಡಿಮೆ ಆದಾಯದವರಿಗೆ 6 ಅಥವಾ 12 ಡಾಲರ್. ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಮನೆಗೆ ಮನೆ ಒಂದೇ ಮೊತ್ತ ಅನ್ನುವುದು ವಿಧಿಬರಹ ಅಲ್ಲ ಅನ್ನಲು ಇಷ್ಟು ಸಾಕು.

2023ರ ನವೆಂಬರಿನಲ್ಲಿ ಆಫ್‌ಜೆಮ್ ಈ ಬಗ್ಗೆ ಜನರ ಅಭಿಪ್ರಾಯ ಕೇಳಿತ್ತು. 30,000ಕ್ಕೂ ಹೆಚ್ಚು ಜನ ಬರೆದರು. ಇಂಥ ಒಣ ವಿಷಯಕ್ಕೆ ಅಷ್ಟು ಜನ ಕುಳಿತು ಬರೆದಿದ್ದಾರೆ ಅಂದರೆ ಎಷ್ಟು ಮನೆಗಳಲ್ಲಿ ಯಾರೋ ಮೆಟ್ಟಿಲ ಕೆಳಗೆ ಮಂಡಿಯೂರಿ ಕುಳಿತಿರಬೇಕು. ಆಗ ನಾನು ಬರೆದಿರಲಿಲ್ಲ. ಆಗಿನ್ನೂ ನನಗೆ ಬಿಲ್ಲಿನ ಆ ಸಾಲು ಕಂಡಿರಲಿಲ್ಲ. ಅಜ್ಜಿಯ ಕಾರ್ಡಿನ ಘಟನೆ ಆದಮೇಲೆ ನಮ್ಮ ಸಂಸದರಿಗೆ ಒಂದು ಪತ್ರ ಬರೆದೆ. ಅದರಲ್ಲಿ ಕೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಮೀಟರು, ಮನೆಗೆ ಬರುವ ತಂತಿಯ ತುಂಡು, ಬಿಲ್ಲು ಕಳಿಸುವ ಖರ್ಚು, ಇವು ನಾನು ಗ್ರಾಹಕನಾಗಿರುವುದರಿಂದಲೇ ಹುಟ್ಟುವ ಖರ್ಚು. ಇವಿಷ್ಟನ್ನು ದಿನದ ಲೆಕ್ಕದಲ್ಲಿ ಎಲ್ಲರೂ ಸಮನಾಗಿ ಕೊಡೋಣ. ಎರಡನೇ ಮನೆಯವರೂ ಕೊಡಲಿ. ಬೀದಿಯ ಜಾಲ, ಊರಿನ ಜಾಲ, ದೇಶದ ಜಾಲದ ಖರ್ಚನ್ನು ಸಂಜೆ ನಾಲ್ಕರಿಂದ ಏಳರ ನಡುವೆ ಯಾರು ಎಷ್ಟು ಎಳೆಯುತ್ತಾರೋ ಅದರ ಮೇಲೆ ಹಂಚಲಿ, ಮೀಟರಿನ ಹತ್ತಿರ ಲೆಕ್ಕ ಇದೆ. ಉಸಿರಾಟದ ಯಂತ್ರದಂಥದ್ದು ಇರುವ ಮನೆಗೆ ಅದರಲ್ಲಿ ವಿನಾಯಿತಿ ಬೇಕು. ಬಡವರ ರಿಯಾಯಿತಿ ಮತ್ತು ಮುಳುಗಿದ ಕಂಪನಿಗಳ ಸಾಲ ಎರಡೂ ತೆರಿಗೆಯಿಂದ ಬರಲಿ. ಇದರಲ್ಲಿ ಯಾವುದು ಆಗುತ್ತದೋ ಬಿಡುತ್ತದೋ, ಒಂದು ಮಾತ್ರ ನಾಳೆಯೇ ಆಗಬೇಕು. ಪ್ರಿಪೇಮೆಂಟ್ ಮೀಟರಿನಲ್ಲಿ ದುಡ್ಡು ಮುಗಿದು ಸರಬರಾಜು ನಿಂತಿರುವಾಗ ದಿನದ ಚಾರ್ಜ್ ಸಾಲವಾಗಿ ಬೆಳೆಯಬಾರದು. ಚಳಿಗಾಲದ ಮೊದಲ ದಿನ ಒಬ್ಬ ಮುದುಕಿ ಕೊಟ್ಟ ನೋಟನ್ನು ಹಳೇ ಬಾಕಿಗೆ ಅಂತ ಮೀಟರ್ ನುಂಗಬಾರದು. ಅವರು ಕೇಳಿದ್ದು ಆ ರಾತ್ರಿಯ ಬಿಸಿ. ಬಾಕಿ ಇದ್ದರೆ ವಾರಕ್ಕಿಷ್ಟು ಅಂತ ಆಮೇಲೆ ನಿಧಾನಕ್ಕೆ ತೆಗೆದುಕೊಳ್ಳಲಿ.

ಸಂಸದರ ಕಚೇರಿಯಿಂದ ಉತ್ತರ ಬಂತು. ಪತ್ರ ತಲುಪಿದೆ, ಸಂಬಂಧಪಟ್ಟವರಿಗೆ ಕಳಿಸಿದ್ದೇವೆ ಅಂತ ಇತ್ತು. ಮತ್ತೆ ಬರೆಯುತ್ತೇನೆ.

ಆ ಅಕ್ಟೋಬರಿನ ಸಂಜೆ ನಾನು ಮತ್ತೆ ಅಂಗಡಿಗೆ ಓಡಿದೆ. ಇನ್ನೂ 30 ಪೌಂಡ್ ಹಾಕಿಸಿದೆ. ಎರಡನೇ ಸಲ ಕಾರ್ಡ್ ಸಿಕ್ಕಿಸಿದಾಗ ಬಾಕಿ ತೀರಿ ಗ್ಯಾಸ್ ಬಂತು. ಬಾಯ್ಲರ್ ಹೊತ್ತಿಕೊಂಡ ಸದ್ದು ಕೇಳಿ ಅಜ್ಜಿ ಎರಡೂ ಕೈ ರೇಡಿಯೇಟರಿನ ಮೇಲಿಟ್ಟರು. ಅದಿನ್ನೂ ತಣ್ಣಗೇ ಇತ್ತು. ಬಿಸಿಯಾಗುವವರೆಗೂ ಕೈ ತೆಗೆಯಲಿಲ್ಲ. ಆ 30 ಪೌಂಡನ್ನು ಅವರು ವಾರಕ್ಕೆ ಐದೈದರಂತೆ ನನಗೆ ವಾಪಸ್ ಕೊಟ್ಟರು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಿದ್ದರು, ಹಾಗಾಗಿ ತೆಗೆದುಕೊಂಡೆ.

ಈಗ ಅವರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬೇಸಿಗೆಯ ತಿಂಗಳುಗಳಲ್ಲೂ ಹದಿನೈದು ದಿನಕ್ಕೊಮ್ಮೆ ಒಂದು ಸುತ್ತು ಹಾಕಿರುತ್ತದೆ. ಪಕ್ಕದಲ್ಲಿ "ಗ್ಯಾಸ್ 5" ಅಂತ ಬರೆದಿರುತ್ತಾರೆ. ಹಚ್ಚದ ಗ್ಯಾಸಿಗೆ ಐದು ಪೌಂಡ್. ಮುಂದಿನ ಸುತ್ತು ಸೋಮವಾರ ಇದೆ. ಕಾರ್ಡು ಈಗಾಗಲೇ ನನ್ನ ಕೋಟಿನ ಜೇಬಿನಲ್ಲಿದೆ.